ಹಾಲವ್ವನ ಕೊರಳ ದುರ್ಬೀನು

ನಾನೊಂದು ದುರ್ಬೀನು. ಓದಿದವರು ನನ್ನನ್ನು ಬೈನಾಕ್ಯುಲರ್ ಅನ್ನುತ್ತಾರೆ, ಕಲ್ಲೊಡ್ಡಿನ ಜನ ದುರ್ಬೀನ ಅನ್ನುತ್ತಾರೆ. ಎರಡಕ್ಕೂ ಓಗೊಡುತ್ತೇನೆ. ದೂರದ್ದನ್ನು ಎಂಟು ಪಟ್ಟು ಹತ್ತಿರ ತರುವುದು ನನ್ನ ಹುಟ್ಟುಗುಣ. ಹತ್ತಿರದ್ದು ಮಾತ್ರ ನನಗೆ ಕಾಣುವುದಿಲ್ಲ. ನಾಲ್ಕು ಮಾರಿನ ಒಳಗಿರುವುದೆಲ್ಲ ನನ್ನ ಪಾಲಿಗೆ ಮಂಜು. ಹಾಗಾಗಿ ನನ್ನನ್ನು ಕೊರಳಿಗೆ ಹಾಕಿಕೊಂಡವರ ಮುಖವನ್ನೇ ನಾನು ಸರಿಯಾಗಿ ನೋಡಿಲ್ಲ. ಎದೆಯ ಮೇಲೆ ತೂಗಾಡುತ್ತ ಕೆಳಗಿನಿಂದ ಕಂಡ ಗದ್ದದ ಮಸುಕು ಆಕಾರ, ಬೆವರಿನ ವಾಸನೆ, ಎದೆಯ ಬಡಿತ, ಇಷ್ಟರಲ್ಲೇ ಅವರನ್ನು ಗುರುತು ಹಿಡಿದುಕೊಂಡು ಬದುಕಿದ್ದೇನೆ.

ಹುಟ್ಟಿದ್ದು ಉತ್ತರದ ಬೆಟ್ಟದ ಸೀಮೆಯ ಒಂದು ಕಾರ್ಖಾನೆಯಲ್ಲಿ. ನನ್ನ ಗಾಜುಗಳನ್ನು ಉಜ್ಜಿ ಉಜ್ಜಿ ನುಣುಪು ಮಾಡಿದ ಹೆಂಗಸಿನ ಬೆರಳು ತಣ್ಣಗಿದ್ದವು. ಕೊನೆಗೆ ಒಬ್ಬ ನನ್ನನ್ನು ಕಿಟಕಿಗೆ ಹಿಡಿದು, ಎದುರು ಬೆಟ್ಟದ ಮೇಲಿನ ಒಂದು ಮರವನ್ನು ಅರೆಕ್ಷಣ ನೋಡಿ, ಸರಿಯಿದೆ ಎಂದು ಪೆಟ್ಟಿಗೆಗೆ ಹಾಕಿದ. ಹುಟ್ಟಿದ ದಿನವೇ ಒಂದು ಇಡೀ ಬೆಟ್ಟ ನೋಡಿದೆ, ಆದರೆ ಏನೂ ಅನ್ನಿಸಲಿಲ್ಲ. ಬೆರಗಾಗುವುದು ಇಬ್ಬರು ಸೇರಿ ಮಾಡುವ ಕೆಲಸ. ನೋಡುವವರ ಎದೆ ಒಂದು ಬಡಿತ ತಪ್ಪಬೇಕು, ಆಗಲೇ ನನಗೂ ಕಂಡಂತೆ.

ನನ್ನ ಮೊದಲ ಒಡೆಯ ಕೊಟ್ರಯ್ಯ. ತುಂಗಭದ್ರೆಯ ದಂಡೆಯ ಕಲ್ಲೊಡ್ಡಿನಲ್ಲಿ ಹೊಳೆಯ ನೀರಿನ ಮಟ್ಟ ಓದುವ ಸರ್ಕಾರಿ ಕೆಲಸ ಅವರದು. ಸೇತುವೆಯ ಮೂರನೇ ಕಂಬಕ್ಕೆ ಬಿಳಿ ಪಟ್ಟಿ ಬಳಿದು, ಅದರ ಮೇಲೆ ಕರಿ ಅಂಕಿ ಬರೆದಿದ್ದರು. ಮಳೆಗಾಲದಲ್ಲಿ ಕಂಬದ ಹತ್ತಿರ ಹೋಗಲಾಗದು. ದಂಡೆಯಲ್ಲಿ ನಿಂತು ನನ್ನ ಮೂಲಕ ಅಂಕಿ ಓದಬೇಕು. ಬೆಳಿಗ್ಗೆ ಎಂಟು, ಮಧ್ಯಾಹ್ನ ಹನ್ನೆರಡು, ಸಂಜೆ ಆರು. ಹನ್ನೊಂದು ವರ್ಷ ನಾನು ನೋಡಿದ್ದು ಆ ಕಂಬ ಒಂದನ್ನೇ. ಸುತ್ತ ಅಷ್ಟು ದೊಡ್ಡ ಹೊಳೆ ಹರಿಯುತ್ತಿದ್ದರೂ ನನಗೆ ಗೊತ್ತಿದ್ದದ್ದು ಒಂದರಿಂದ ಒಂಬತ್ತರವರೆಗಿನ ಅಂಕಿ ಮಾತ್ರ. ಬೇಸರವಾಗುತ್ತಿತ್ತು ಎಂದು ಹೇಳಿದರೆ ಕೊಟ್ರಯ್ಯನವರಿಗೆ ನೋವಾದೀತು, ಆದರೆ ಆಗುತ್ತಿದ್ದದ್ದು ನಿಜ.

ಹನ್ನೊಂದನೇ ವರ್ಷ ಒಂದು ಮಧ್ಯಾಹ್ನ ಅಂಕಿ ಕಾಣಲಿಲ್ಲ. ಕಂಬದ ಚಾಚಿನ ಮೇಲೆ ಒಂದು ಹಕ್ಕಿ ಬಂದು ಸರಿಯಾಗಿ ನಾಲ್ಕರ ಮುಂದೆ ಕೂತಿತ್ತು. ಬೂದು ಬಿಳಿ ಮೈ, ತಲೆಗೆ ಕರಿ ಟೊಪ್ಪಿಗೆ, ಸೀಳು ಬಾಲ. ಕೊಟ್ರಯ್ಯ ಮೊದಲು ಬೈದರು. ಹಕ್ಕಿ ಏಳಲಿಲ್ಲ. ಅದು ಕೊಕ್ಕು ಬಗ್ಗಿಸಿ ನೀರನ್ನೇ ದಿಟ್ಟಿಸಿತು, ನೆಗೆಯಿತು, ಗಾಳಿಯಲ್ಲಿ ಒಂದು ಗಳಿಗೆ ನಿಂತೇಬಿಟ್ಟಿತು, ಆಮೇಲೆ ಕಲ್ಲು ಬಿದ್ದಂತೆ ಹೊಳೆಗೆ ಬಿದ್ದು ಮೀನು ಹಿಡಿದು ಮೇಲೆದ್ದಿತು. ನನ್ನ ಬೆನ್ನಿಗೆ ಒತ್ತಿಕೊಂಡಿದ್ದ ಕೊಟ್ರಯ್ಯನವರ ಉಸಿರು ನಿಂತಿತು. ಅಂದೇ ನನಗೆ ಗಾಜು ಯಾಕಿದೆ ಎಂದು ತಿಳಿದದ್ದು. ಹನ್ನೆರಡರ ಓದು ಆ ದಿನ ಹನ್ನೆರಡೂವರೆಗೆ ಆಯಿತು, ಮೇಲಿನವರು ಕೇಳಿದಾಗ ಕೊಟ್ರಯ್ಯ ಮೋಡ ಅಡ್ಡ ಬಂದಿತ್ತು ಎಂದು ಸುಳ್ಳು ಹೇಳಿದರು.

ಆಮೇಲೆ ಸೇತುವೆಗೆ ತಾನೇ ಓದಿಕೊಳ್ಳುವ ಯಂತ್ರ ಬಂತು. ಕೊಟ್ರಯ್ಯ ನಿವೃತ್ತರಾದರು, ನಾನು ಗುಜರಿ ಪಟ್ಟಿಗೆ ಸೇರಿದೆ. ಅವರು ಇಂಜಿನಿಯರನ್ನು ಕಾಡಿ ಬೇಡಿ ನನ್ನನ್ನು ಮನೆಗೆ ತಂದರು. ಆರು ವರ್ಷ ಗೋಡೆಯ ಗೂಟಕ್ಕೆ ತೂಗಾಡಿದೆ.

ಆ ಹೊತ್ತಿಗೆ ಕಲ್ಲೊಡ್ಡಿನ ಎರಡು ಕಿಲೋಮೀಟರ್ ದಂಡೆಯನ್ನು ಸರ್ಕಾರ ಹಕ್ಕಿಗಳಿಗೆ ಬಿಟ್ಟುಕೊಟ್ಟಿತು. ದೊಡ್ಡದೇನಲ್ಲ. ಹೊಳೆಮತ್ತಿಯ ಮರಗಳ ಕೆಳಗೆ ನಡೆಯಲು ಒಂದು ಮಣ್ಣಿನ ಹಾದಿ, ಅಲ್ಲಲ್ಲಿ ಕೂರಲು ಕಲ್ಲುಬೆಂಚು, ಬಾಗಿಲಲ್ಲಿ ತಗಡಿನ ಶೆಡ್ಡು, ಹೊಳೆಯ ನಡುವೆ ಒಂದು ಕಲ್ಲುಗುಡ್ಡೆ. ಆ ಗುಡ್ಡೆಯೇ ಈ ಜಾಗದ ಜೀವ. ಬೇಸಿಗೆಯಲ್ಲಿ ನೀರು ಇಳಿದಾಗ ಸೀಳುಬಾಲದ ಆ ಹಕ್ಕಿಗಳು ಅಲ್ಲಿಗೆ ಬಂದು ಬರಿಯ ಮರಳಿನ ಮೇಲೆ ಮೊಟ್ಟೆ ಇಡುತ್ತವೆ. ಪುಸ್ತಕದಲ್ಲಿ ಅದರ ಹೆಸರು ರೀವ. ಕಲ್ಲೊಡ್ಡಿನಲ್ಲಿ ಕತ್ರಿಬಾಲ.

ಕಾವಲಿಗೆ ನೇಮಕವಾದವಳು ಹಾಲವ್ವ ಅಂಬಿಗೇರ. ಸೇತುವೆ ಆಗುವ ಮುಂಚೆ ಹರಗೋಲು ಹಾಕಿ ಜನರನ್ನು ದಾಟಿಸುತ್ತಿದ್ದ ಮನೆತನ ಅವಳದು. ಐವತ್ತು ದಾಟಿದ ಗಟ್ಟಿ ಹೆಂಗಸು. ಅರಣ್ಯ ಇಲಾಖೆಯವರು ಅವಳಿಗೆ ಖಾಕಿ ಅಂಗಿ ಕೊಟ್ಟರು, ಅದನ್ನು ಸೀರೆಯ ಮೇಲೆ ತೊಟ್ಟಳು. ಕೊಟ್ರಯ್ಯ ಒಂದು ಮುಂಜಾನೆ ಶೆಡ್ಡಿಗೆ ಬಂದು ನನ್ನನ್ನು ಅವಳ ಕೈಗಿಟ್ಟರು. ತಮ್ಮ ಕಣ್ಣಿಗೆ ಪೊರೆ ಬಂದಿದೆ, ಇದರ ಕಣ್ಣು ಇನ್ನೂ ಚೆನ್ನಾಗಿದೆ, ಗೂಟಕ್ಕೆ ಕೊಳೆಯುವುದು ಬೇಡ ಎಂದರು.

ಹಾಲವ್ವ ಮೊದಲ ಸಲ ನನ್ನನ್ನು ತಿರುಗುಮುರುಗು ಹಿಡಿದಳು. ಕಣ್ಣೆದುರಿನ ಗುಡ್ಡೆ ಅವಳಿಗೆ ಸಾಸಿವೆಯಷ್ಟಾಗಿ ಎಲ್ಲೋ ಆಚೆಗೆ ಹೋಯಿತು. ಇದ್ದದ್ದನ್ನೂ ದೂರ ಮಾಡುವ ಈ ಸಾಮಾನು ಯಾತಕ್ಕೆ ಎಂದು ನಕ್ಕಳು. ಕೊಟ್ರಯ್ಯ ತಿರುಗಿಸಿ ಕೊಟ್ಟರು. ಆಗ ಅವಳ ನಗು ನಿಂತಿತು. ಹುಟ್ಟಿದಂದಿನಿಂದ ನೋಡಿದ ಹಕ್ಕಿ, ಆದರೆ ಅಷ್ಟು ಹತ್ತಿರದಿಂದ ಅವಳು ನೋಡಿರಲಿಲ್ಲ.

“ಅಯ್ಯಾರ, ಇದು ಕೊಕ್ಕಿಗೆ ಅರಿಷಿಣ, ಕಾಲಿಗೆ ಕುಂಕುಮ ಹಚ್ಕೊಂಡೈತಲ್ರಿ, ಮದಲಗಿತ್ತಿ ಹಂಗ,” ಅಂದಳು. ಹೇಳುತ್ತ ಹೇಳುತ್ತ ಬಲಗೈಯನ್ನು ಮುಂದೆ ಚಾಚಿದಳು, ಮುಟ್ಟುವವಳಂತೆ.

ಮುಂದೆ ಏಳು ವರ್ಷ ನಾನು ಅವಳ ಎದೆಯ ಮೇಲಿದ್ದೆ. ಭಾನುವಾರ ಬಂತೆಂದರೆ ಹಾದಿಯಲ್ಲಿ ನಡೆಯಲು ಜನ ಬರುತ್ತಿದ್ದರು. ಬ್ಯಾಂಕಿನವರು, ಮಾಸ್ತರರು, ಸೊಂಟ ನೋವಿನ ಅಜ್ಜಿಯರು. ಹಾಲವ್ವ ನನ್ನನ್ನು ಎಲ್ಲರ ಕಣ್ಣಿಗೂ ಹಿಡಿಯುತ್ತಿದ್ದಳು. ಒಂದು ವಿಚಿತ್ರ ಕಂಡಿದ್ದೇನೆ. ಮೊದಲ ಸಲ ನೋಡಿದವರು ಯಾರೇ ಆಗಲಿ, ಎಷ್ಟೇ ಓದಿರಲಿ, ತಮಗೆ ತಿಳಿಯದಂತೆ ಒಂದು ಕೈ ಮುಂದೆ ಚಾಚುತ್ತಾರೆ. ನೀರುನಾಯಿ ತನ್ನ ಮರಿಯ ಕತ್ತು ಹಿಡಿದು ಹೊಳೆ ದಾಟುವುದನ್ನು ಕಂಡ ಒಬ್ಬರು ಪೊಲೀಸರು ಆಮೇಲೆ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ನಡೆದರು. ಅಂಥ ಹೊತ್ತಿನಲ್ಲಿ ನನಗೆ ನನ್ನ ಬಗ್ಗೆ ಸ್ವಲ್ಪ ಸೊಕ್ಕು ಬರುತ್ತಿತ್ತು, ಮುಚ್ಚಿಡುವುದೇನು.

ಬಂದವರು ಕೊನೆಗೆ ಒಂದೇ ಮಾತು ಕೇಳುತ್ತಿದ್ದರು, ಗುಡ್ಡೆಯ ಮೇಲೆ ಮೊಟ್ಟೆ ಎಷ್ಟಿವೆ, ಮರಿ ಎಷ್ಟಿವೆ. ಹಾಲವ್ವನ ಉತ್ತರವೂ ಒಂದೇ.

“ಅದಾವ್ರಿ.”

ಅಂಬಿಗರ ಮನೆಯಲ್ಲಿ ತತ್ತಿ, ಮರಿ, ಮಕ್ಕಳು ಇವನ್ನು ಎಣಿಸುವುದಿಲ್ಲ. ಎಣಿಸಿ ಬಾಯಿಬಿಟ್ಟು ಹೇಳಿದರೆ ಹೊಳೆ ಕೇಳಿಸಿಕೊಳ್ಳುತ್ತದೆ, ಅಷ್ಟನ್ನೂ ಒಯ್ಯುತ್ತದೆ ಎಂಬ ನಂಬಿಕೆ. ಹಾಲವ್ವನಿಗೆ ಮಕ್ಕಳೆಷ್ಟು ಎಂದು ಜನಗಣತಿಯವರು ಕೇಳಿದಾಗಲೂ ಅದಾವ್ರಿ ಅಂದು, ಒಬ್ಬೊಬ್ಬರ ಹೆಸರು ಹೇಳಿ ಅವರೇ ಎಣಿಸಿಕೊಳ್ಳಲಿ ಎಂದು ಬಿಟ್ಟಿದ್ದಳಂತೆ. ನಾನು ಅಂಕಿಯ ಮನೆಯಿಂದ ಬಂದವನು. ಮೊದಮೊದಲು ನನಗಿದು ತಮಾಷೆಯಾಗಿ ಕಾಣುತ್ತಿತ್ತು.

ಐದನೇ ವರ್ಷಕ್ಕೆ ನದಾಫ್ ಸಾಹೇಬರು ಅರಣ್ಯಾಧಿಕಾರಿಯಾಗಿ ಬಂದರು. ಎಳೆಯ ವಯಸ್ಸು, ಹಕ್ಕಿಯೆಂದರೆ ಊಟ ಬಿಡುವ ಮನುಷ್ಯ. ಆರನೇ ಬೇಸಿಗೆಯಲ್ಲಿ ಅವರು ಹಾಲವ್ವನ ಹರಗೋಲಿನಲ್ಲಿ ಗುಡ್ಡೆಗೆ ಹೋಗಿ, ಪ್ರತಿ ಗೂಡಿನ ಪಕ್ಕ ಒಂದು ಚಪ್ಪಟೆ ಕಲ್ಲಿಟ್ಟು ಅದರ ಮೇಲೆ ಬಿಳಿ ಬಣ್ಣದಲ್ಲಿ ಅಂಕಿ ಬರೆದರು. ಮೂವತ್ತೊಂಬತ್ತು. ಹಾಲವ್ವ ಹರಗೋಲಿನಿಂದ ಇಳಿಯಲೇ ಇಲ್ಲ. ಮೊಟ್ಟೆಗೂ ಕಲ್ಲಿಗೂ ಬಣ್ಣ ಒಂದೇ. ಎಷ್ಟು ಹುಷಾರಾಗಿದ್ದರೂ ಸಾಹೇಬರ ಬೂಟಿನ ಕೆಳಗೆ ಎರಡು ಮೊಟ್ಟೆ ಒಡೆದವು. ಅವರು ಬೂಟನ್ನು ಮರಳಿಗೆ ಒರೆಸಿ ಒರೆಸಿ, ಇನ್ನೊಮ್ಮೆ ಈ ಗುಡ್ಡೆಗೆ ಕಾಲಿಡುವುದಿಲ್ಲ ಎಂದು ಆಣೆ ಇಟ್ಟುಕೊಂಡರು.

ಒಂಬತ್ತನೇ ದಿನ ನೀರು ಬಂತು. ಮೇಲಿನ ಕಟ್ಟೆಯಿಂದ ಕೆಳಗಿನ ಊರುಗಳಿಗೆ ಕುಡಿಯುವ ನೀರು ಬಿಟ್ಟಿದ್ದರು. ಬೇಸಿಗೆಯಲ್ಲಿ ಬಿಡಲೇಬೇಕು, ಅದು ಯಾರ ತಪ್ಪೂ ಅಲ್ಲ. ಗುಡ್ಡೆಯಲ್ಲಿ ಗೂಡುಗಳಿವೆ, ನೀರು ತಡೆಯಿರಿ ಎಂದು ನದಾಫರು ಬರೆದ ಕಾಗದ ಕಟ್ಟೆಯವರ ಕೈ ಸೇರುವುದು ತಡವಾಗಿತ್ತು, ಅಷ್ಟೇ. ದಂಡೆಯಲ್ಲಿ ನಿಂತು ಹಾಲವ್ವ ನನ್ನಿಂದ ನೋಡಿದಳು. ಬಿಳಿ ಅಂಕಿಗಳು ಒಂದೊಂದಾಗಿ ಮುಳುಗಿದವು. ಹಕ್ಕಿಗಳು ಆ ನೀರಿನ ಮೇಲೆ ಸಂಜೆಯವರೆಗೆ ಕೂಗುತ್ತ ಸುತ್ತಿದವು. ಹಾಲವ್ವ ಅಳಲಿಲ್ಲ, ಸಾಹೇಬರನ್ನು ಬೈಯಲಿಲ್ಲ. ಆದರೆ ನನ್ನ ಗಾಜು ಅವಳ ಎದೆಗೆ ತಾಗಿತ್ತು, ಅವಳು ಎಷ್ಟು ಹೆದರಿದ್ದಾಳೆಂದು ನನಗೆ ಗೊತ್ತಾಯಿತು. ಎಣಿಸಿದ್ದಕ್ಕೇ ಹೊಳೆ ಬಂತು ಎಂದು ಅವಳು ನಂಬಿದಳು. ಅಂದಿನಿಂದ ನನಗೂ ಆ ನಂಬಿಕೆ ತಮಾಷೆಯಾಗಿ ಕಾಣಲಿಲ್ಲ.

ಏಳನೇ ಬೇಸಿಗೆ ಬಂತು. ಯುಗಾದಿಗೆ ನಾಲ್ಕು ದಿನ ಇರುವಾಗ ನದಾಫರು ಶೆಡ್ಡಿಗೆ ಬಂದು ಕೂತರು. ಮರಿ ಹಾರುವವರೆಗೆ ನೀರು ತಡೆಯಿರಿ ಎಂದು ಈ ಸಲ ಮುಂಚೆಯೇ ಬರೆದು ಕೇಳಿದ್ದರು. ಕಟ್ಟೆಯವರು ಒಪ್ಪಿದ್ದರು, ಒಂದು ಷರತ್ತಿನ ಮೇಲೆ. ಎಷ್ಟು ಗೂಡಿವೆ, ನೀರು ಯಾವ ಗೆರೆ ದಾಟಿದರೆ ಮುಳುಗುತ್ತವೆ, ಈ ಎರಡು ಅಂಕಿ ಮೂರು ದಿನದಲ್ಲಿ ಬೇಕು. ಕೆಲವು ಗೂಡುಗಳಿವೆ ಎಂದು ಬರೆದರೆ ಜನರ ಕುಡಿಯುವ ನೀರನ್ನು ತಡೆಯಲಾಗುವುದಿಲ್ಲ.

ಗೆರೆಯ ಮಾತು ಕೊಟ್ರಯ್ಯನವರಿಂದ ಸುಲಭವಾಗಿ ಸಿಕ್ಕಿತು. ಸೇತುವೆಯ ಕಂಬದಲ್ಲಿ ನೀರು ಮೂರು ಮುಟ್ಟಿದರೆ ಗುಡ್ಡೆ ಹೋಯಿತು ಎಂದು ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು. ಉಳಿದದ್ದು ಗೂಡಿನ ಲೆಕ್ಕ. ದಂಡೆಯಿಂದ ನೋಡಿದರೆ ನದಾಫರಿಗೆ ಕಾಣುವುದು ಒಂದು ಬಿಳಿ ಜಾತ್ರೆ. ಯಾವುದು ಕಾವು ಕೂತಿದೆ, ಯಾವುದು ಸುಮ್ಮನೆ ನಿಂತಿದೆ ಎಂದು ಹೇಳಬಲ್ಲವಳು ದಿನವೂ ನೋಡಿದ ಹಾಲವ್ವ ಒಬ್ಬಳೇ. ಅವರು ಕೇಳಿದರು. ಅವಳು ಅದಾವ್ರಿ ಅಂದಳು. ಮರುದಿನ ಮತ್ತೆ ಕೇಳಿದರು, ಮತ್ತೆ ಅದೇ. ಎಣಿಸದಿದ್ದರೆ ನೀರು ಬರುವುದು ಖಂಡಿತ, ಎಣಿಸಿದರೆ ಹೊಳೆಯೇ ಕೇಳಿಸಿಕೊಳ್ಳುತ್ತದೆ. ಅವಳ ಎದೆ ಆ ಎರಡು ದಿನ ಬಡಿದ ಬಡಿತ ನನ್ನ ತಗಡಿಗೆಲ್ಲ ಕೇಳುತ್ತಿತ್ತು. ಊಟದ ರೊಟ್ಟಿಯನ್ನು ಬುತ್ತಿಯಲ್ಲಿ ಹಾಗೇ ವಾಪಸ್ಸು ಒಯ್ದಳು.

ಮೂರನೇ ದಿನ ಅವಳು ಮನೆಯಿಂದ ಹಳೆಯ ಮೀನುಬಲೆಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ಬಂದಳು. ಬಿಸಿಲು ನೆತ್ತಿಗೆ ಬರುವವರೆಗೆ ಕಲ್ಲುಬೆಂಚಿನ ಮೇಲೆ ಕಾದು ಕೂತಿದ್ದಳು. ಆಮೇಲೆ ನನ್ನನ್ನು ಎಡಗೈಯಲ್ಲಿ ಎತ್ತಿ ಕಣ್ಣಿಗಿಟ್ಟಳು.

ಆ ಮಧ್ಯಾಹ್ನ ನಾನು ಕಂಡದ್ದನ್ನು ಹೇಗೆ ಹೇಳಲಿ. ಗುಡ್ಡೆ ಕಾದ ಹಂಚಾಗಿತ್ತು. ಗಾಳಿಯೇ ಕುದಿಯುತ್ತಿತ್ತು. ಆ ಹೊತ್ತಿನಲ್ಲಿ ಮೊಟ್ಟೆಯ ಮೇಲೆ ಕೂತರೆ ಮೊಟ್ಟೆ ಬೇಯುತ್ತದೆ, ಬಿಟ್ಟು ಹೋದರೂ ಬೇಯುತ್ತದೆ. ಅದಕ್ಕೆ ತಾಯಂದಿರು ಎದ್ದು ನಿಂತಿದ್ದರು. ಒಂದೊಂದೂ ತನ್ನ ಗೂಡಿನ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು, ರೆಕ್ಕೆಯನ್ನು ಅರ್ಧ ಬಿಚ್ಚಿ, ಕೊಕ್ಕು ತೆರೆದು ಏದುಸಿರು ಬಿಡುತ್ತ ನಿಂತಿತ್ತು. ತಡೆಯಲಾರದಾದಾಗ ಹೊಳೆಗೆ ಹಾರಿ, ಹೊಟ್ಟೆಯ ಗರಿಗಳನ್ನು ಮಾತ್ರ ನೀರಿಗೆ ಅದ್ದಿ, ತೊಟ್ಟಿಕ್ಕುತ್ತ ಬಂದು ಮತ್ತೆ ಅದೇ ಜಾಗದಲ್ಲಿ ನಿಲ್ಲುತ್ತಿತ್ತು. ಆ ಹನಿ ಮೊಟ್ಟೆಯ ಮೇಲೆ ಬೀಳುತ್ತಿತ್ತು. ಇಡೀ ಗುಡ್ಡೆಯ ತುಂಬ ಅಂಗೈಯಗಲದ ನೆರಳುಗಳು. ಸದ್ದಿಲ್ಲ, ಗದ್ದಲವಿಲ್ಲ. ನಾನು ಬೆಟ್ಟ ನೋಡಿದ್ದೆ, ಪ್ರವಾಹ ನೋಡಿದ್ದೆ. ಇಷ್ಟು ದೊಡ್ಡದನ್ನು ಎಂದೂ ನೋಡಿರಲಿಲ್ಲ.

ಹಾಲವ್ವ ಒಂದು ತಾಯಿಯನ್ನು ನೋಡುತ್ತಿದ್ದಳು, ಬಲಗೈಯ ಬೆರಳಲ್ಲಿ ಬಲೆಯ ಒಂದು ಕಣ್ಣು ಹಿಡಿಯುತ್ತಿದ್ದಳು. ಇನ್ನೊಂದು ತಾಯಿ, ಇನ್ನೊಂದು ಕಣ್ಣು. ತುಟಿ ಅಲ್ಲಾಡಲಿಲ್ಲ. ಗುಡ್ಡೆಯ ಆ ತುದಿಯಿಂದ ಈ ತುದಿಗೆ ಬರುವಷ್ಟರಲ್ಲಿ ನಾನು ಹಿಡಿಯಲಾರದಷ್ಟು ಬಿಸಿಯಾಗಿದ್ದೆ, ಆದರೂ ಅವಳು ಇಳಿಸಲಿಲ್ಲ. ಕೊನೆಯ ಕಣ್ಣಿಗೆ ಒಂದು ಕೆಂಪು ದಾರ ಕಟ್ಟಿ ಬಲೆಯನ್ನು ಶೆಡ್ಡಿನಲ್ಲಿ ಕಾದಿದ್ದ ನದಾಫರ ಮುಂದೆ ಇಟ್ಟಳು.

“ಸಾಹೇಬ್ರ, ಇವು ತತ್ತಿ ಅಲ್ಲ, ಮರಿ ಅಲ್ಲ. ಬಲಿ ಕಣ್ಣು. ದಾರದ ಮಟ ನೀವ ಎಣಿಸ್ಕೋರಿ.”

ನದಾಫರು ಮಂಡಿಯೂರಿ ಕೂತು ಬಲೆಯ ಕಣ್ಣುಗಳನ್ನು ಬಾಯಲ್ಲೇ ಮೆಲ್ಲಗೆ ಎಣಿಸಿದರು. ನಲವತ್ತೇಳು. ನಿಂತವೆಲ್ಲ ತಾಯಂದಿರೇ ಆಗಬೇಕೆಂದಿಲ್ಲ, ಗಂಡುಗಳೂ ಸರದಿಯ ಮೇಲೆ ನಿಲ್ಲುತ್ತವೆ ಎಂದು ಅವರು ತಿಳಿದದ್ದನ್ನು ಹೇಳಿದರು. ಹಾಲವ್ವ ಒಪ್ಪಲಿಲ್ಲ.

“ನೆಳ್ಳು ಕೊಟ್ಟದ್ದು ತಾಯಿನ್ರಿ,” ಅಂದಳು.

ಕಾಗದ ಅಂದೇ ಹೋಯಿತು. ಬಸವ ಜಯಂತಿಯವರೆಗೆ ಮೂರರ ಗೆರೆ ಮುಟ್ಟದಂತೆ ಸಣ್ಣಗೆ ನೀರು ಬಿಡುತ್ತೇವೆ, ಆಮೇಲೆ ತಡೆಯಲಾಗದು ಎಂದು ಉತ್ತರ ಬಂತು. ಹಾಗೇ ನಡೆದುಕೊಂಡರು. ಮೊಟ್ಟೆ ಒಡೆದು ಮರಳಿನ ಬಣ್ಣದ ಮರಿಗಳು ಹೊರಬಿದ್ದವು, ಗುಡ್ಡೆಯ ತುಂಬ ಓಡಾಡಿದವು, ರೆಕ್ಕೆ ಬಡಿದವು, ಬಿದ್ದವು, ಎದ್ದವು. ಬಸವ ಜಯಂತಿಯ ಹೊತ್ತಿಗೆ ಎಲ್ಲ ಹಾರಿದವು. ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಕಟ್ಟೆಯ ಬಾಗಿಲು ಎತ್ತಿದರು. ನೀರು ಕಲ್ಲೊಡ್ಡಿಗೆ ಬರುವುದು ಮೂರು ಗಂಟೆಯ ಸುಮಾರಿಗೆ.

ಎರಡು ಗಂಟೆಗೆ ಹಾಲವ್ವ ಕೊನೆಯ ಸಲ ಗುಡ್ಡೆ ನೋಡಲು ನನ್ನನ್ನು ಎತ್ತಿದಳು. ಬರಿ ಕಲ್ಲು, ಬರಿ ಮರಳು. ಅವಳ ಉಸಿರು ಹಗುರಾಗಿತ್ತು. ಗುಡ್ಡೆಯ ಹಿಂಬದಿಯ ಅಂಚಿಗೆ ಬಂದಾಗ ಆ ಉಸಿರು ಸಿಕ್ಕಿಕೊಂಡಿತು. ಅಲ್ಲೊಂದು ಕತ್ರಿಬಾಲ ರೆಕ್ಕೆ ಬಿಚ್ಚಿ ನಿಂತಿತ್ತು. ಮೊದಲ ಮೊಟ್ಟೆಗಳನ್ನು ಕಾಗೆಗೆ ಕಳೆದುಕೊಂಡು ತಡವಾಗಿ ಮತ್ತೆ ಇಟ್ಟದ್ದಿರಬೇಕು. ಅದರ ನೆರಳಿನಲ್ಲಿ ಏನೋ ಅಲ್ಲಾಡಿತು.

ಅವಳು ನದಾಫರಿಗೆ ಫೋನು ಮಾಡಿದಳು. ಬಿಟ್ಟ ನೀರನ್ನು ವಾಪಸ್ಸು ಕರೆಯಲಾಗದು, ಹೊಳೆಗೆ ಇಳಿಯಬಾರದು ಎಂದ ಅವರು, ತಾವು ಈಗಲೇ ಹೊರಡುವುದಾಗಿ ಹೇಳಿದರು. ಹೂಂ ಸಾಹೇಬ್ರ ಎಂದು ಫೋನನ್ನು ಬೆಂಚಿನ ಮೇಲಿಟ್ಟು, ಹರಗೋಲನ್ನು ನೀರಿಗೆ ಉರುಳಿಸಿದಳು. ಹಾದಿಯಲ್ಲಿ ನಡೆಯಲು ಬಂದಿದ್ದ ಕೊಟ್ರಯ್ಯ ತಡೆಯಲು ನೋಡಿದರು, ಆಗಲಿಲ್ಲ. ಹಿಂದಿನ ಚಳಿಗಾಲದಲ್ಲಿ ಅವರ ಕಣ್ಣಿನ ಆಪರೇಶನ್ ಆಗಿತ್ತು. ದಂಡೆಯ ತುದಿಗೆ ಹೋಗಿ, ಬರಿಗಣ್ಣಿಗೇ ಅಂಕಿ ಕಾಣುವಷ್ಟು ಹತ್ತಿರದಿಂದ ಸೇತುವೆಯ ಕಂಬ ನೋಡುತ್ತ ನಿಂತರು.

ಹಾಲವ್ವ ಗುಡ್ಡೆ ಮುಟ್ಟುವಾಗ ಹಿಂದಿನಿಂದ ಕಂಬದ ಅಂಕಿ ಓದಿ ಕೂಗಿದ ಅವರ ದನಿ ಬಂತು, ಎರಡು ಎಂದು. ಹಕ್ಕಿ ಎದ್ದು ಅವಳ ತಲೆಯ ಮೇಲೆ ಎರಗಿತು. ಕೊಕ್ಕಿನಿಂದ ನೆತ್ತಿಗೆ ಕುಕ್ಕಿತು, ರಕ್ತ ಬಂತು. ಅವಳು ಕೈ ಅಡ್ಡ ಹಿಡಿಯಲಿಲ್ಲ. ಬಗ್ಗಿ, ಬೆರಳಿನಷ್ಟೂ ಉದ್ದವಿಲ್ಲದ ಆ ಮರಿಯನ್ನು ಎತ್ತಿ ಸೀರೆಯ ಉಡಿಗೆ ಹಾಕಿ ಬಿಗಿಯಾಗಿ ಸಿಕ್ಕಿಸಿಕೊಂಡಳು. ಹೊರಳುವಷ್ಟರಲ್ಲಿ ದಂಡೆಯಿಂದ ಎರಡೂವರೆ ಎಂದು ಕೇಳಿತು. ನೀರಿನ ಬಣ್ಣ ಕೆಂಪಾಗಿತ್ತು, ಹರಗೋಲು ಗಿರ್ರನೆ ತಿರುಗತೊಡಗಿತು. ತಾಯಿಹಕ್ಕಿ ಉದ್ದಕ್ಕೂ ಮೇಲೆ ಕೂಗುತ್ತ ಬಂತು. ದಂಡೆ ಇನ್ನೂ ನಾಲ್ಕು ಮಾರು ಇರುವಾಗ ಹರಗೋಲು ಮಗುಚಿತು. ಒಂದು ಕೈಯಲ್ಲಿ ಉಡಿಯನ್ನು ನೀರಿನ ಮೇಲೆ ಎತ್ತಿ ಹಿಡಿದು, ಕತ್ತಿನವರೆಗಿನ ನೀರಿನಲ್ಲಿ ಹಾಲವ್ವ ನಡೆದಳು. ನಾನು ಮುಳುಗಿದೆ. ನನ್ನ ಎರಡು ಕೊಳವೆಗಳಿಗೂ ಹೊಳೆ ನುಗ್ಗಿತು. ಆಮೇಲೆ ನಾನು ಏನನ್ನೂ ನೋಡಿಲ್ಲ.

ಈಗ ನಾನು ಶೆಡ್ಡಿನ ಮೊಳೆಗೆ ತೂಗಾಡುತ್ತಿದ್ದೇನೆ. ಗಾಜಿನ ಒಳಗೆ ಬೂಸ್ಟು ಬಲೆ ಕಟ್ಟಿದೆ. ಪೇಟೆಯ ರಿಪೇರಿಯವನು ನೋಡಿ ತಲೆಯಾಡಿಸಿ ಕಳಿಸಿದ. ಭಾನುವಾರದ ಜನಕ್ಕೆ ಹೊಸ ದುರ್ಬೀನುಗಳು ಬಂದಿವೆ, ಹಗುರ, ಚುರುಕು. ಮಕ್ಕಳು ಗಲಾಟೆ ಮಾಡಿದರೆ ಮಾತ್ರ ನನ್ನನ್ನು ಕೊಡುತ್ತಾರೆ, ಇನ್ನು ಕೆಡುವುದೇನಿಲ್ಲ ಎಂದು. ನನಗೆ ದುಃಖವಿಲ್ಲ. ನೋಡಬೇಕಾದದ್ದನ್ನು ನೋಡಿಯಾಯಿತು. ಹಾಲವ್ವ ಆ ಮರಿಯನ್ನು ದಂಡೆಯ ಎತ್ತರದ ಮರಳಿನಲ್ಲಿ ಬಿಟ್ಟು ಇಪ್ಪತ್ತೆರಡು ದಿನ ನಾಯಿ ನರಿ ಸುಳಿಯದಂತೆ ಕಾದಳು, ತಾಯಿ ಅಲ್ಲೇ ಬಂದು ಮೀನು ಕೊಟ್ಟು ಬೆಳೆಸಿತು, ಇಪ್ಪತ್ಮೂರನೇ ದಿನ ಎರಡೂ ಹಾರಿ ಹೋದವು. ಇದೆಲ್ಲ ನಾನು ಮೊಳೆಯ ಮೇಲಿಂದ ಕೇಳಿದ್ದು. ಹಾಲವ್ವ ಈಗಲೂ ಯಾರು ಏನು ಕೇಳಿದರೂ ಅದಾವ್ರಿ ಅನ್ನುತ್ತಾಳೆ.

ಆದರೆ ಆ ಮಧ್ಯಾಹ್ನ ಒಂದು ಸಲ ಅವಳು ಹಾಗೆ ಅನ್ನಲಿಲ್ಲ. ದಂಡೆಗೆ ಬಂದು ಕುಸಿದು ಕೂತಿದ್ದಳು. ಒದ್ದೆ ಸೀರೆಯ ಮೇಲೆ ಕುರುಡಾಗಿ ಬಿದ್ದಿದ್ದ ನನಗೆ ಕೊಟ್ರಯ್ಯ ಮೂರು ಎಂದದ್ದು ಕೇಳಿತು. ಗುಡ್ಡೆ ಹೋಗಿತ್ತು. ನದಾಫರ ಬೈಕು ಬಂದು ನಿಂತಿತು. ಅವರು ಓಡಿ ಬಂದು ಬೈದರು, ಬೈಯುತ್ತ ಅತ್ತರು. ಆಮೇಲೆ ದನಿ ಇಳಿಸಿ ಕೇಳಿದರು.

“ಅಕ್ಕಾರ, ಉಡಿಯಾಗ ಎಷ್ಟದಾವು?”

ಹೊಳೆ ಅವಳ ಪಾದದ ಹತ್ತಿರವೇ ಭೋರ್ಗರೆಯುತ್ತಿತ್ತು. ನನ್ನ ಒಂದು ಬದಿಗೆ ಅವಳ ಎದೆ ಬಡಿಯುತ್ತಿತ್ತು, ಇನ್ನೊಂದು ಬದಿಗೆ ಉಡಿಯೊಳಗಿನ ಆ ಸಣ್ಣ ಎದೆ. ಅವಳು ಸಾಹೇಬರ ಕಡೆ ತಿರುಗಲಿಲ್ಲ. ನೀರಿನ ಕಡೆಗೇ ಮುಖ ಮಾಡಿ, ಹೊಳೆಗೆ ಚೆನ್ನಾಗಿ ಕೇಳುವಂತೆ ದನಿ ಎತ್ತಿ ಹೇಳಿದಳು.

“ಒಂದು.”